ಮ್ಯೂಸಿಯಂಗಳಿಗೆ ಹಣ ಮಂಜೂರು ಮಾಡುವವರಿಗೆ: ಆ ತಿಮಿಂಗಿಲ ಸುಮ್ನೆ ಕಾಣಿಸಲಿಲ್ಲ

ಮಾನ್ಯರೇ,

ನಿಮ್ಮಲ್ಲಿ ಕೆಲವರು ಮ್ಯೂಸಿಯಂ ಟ್ರಸ್ಟಿಗಳು. ಕೆಲವರು ಸರ್ಕಾರದಲ್ಲಿ ಸಂಸ್ಕೃತಿಯ ಫೈಲು ನೋಡುವವರು. ಕಂಪನಿಗಳ ಸಿಎಸ್‌ಆರ್ ಹಣ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರೂ ಇದ್ದೀರಿ. ಹಳೆಯ ಚಿತ್ರಗಳ ಹಣೆಬರಹ ನಿಮ್ಮ ಸಹಿಯಲ್ಲಿದೆ. ಹೀಗಾಗಿ ಈ ಪತ್ರ ನಿಮಗೇ. ನಾನು ಚಿತ್ರಕಾರನಲ್ಲ, ಸಂರಕ್ಷಣೆ ಕಲಿತವನೂ ಅಲ್ಲ. ಮ್ಯೂಸಿಯಂಗೆ ಹೋದರೆ ಕಾವಲಿನವರು ಬಾಗಿಲು ಹಾಕುವ ಹೊತ್ತಾಯ್ತು ಅನ್ನುವವರೆಗೂ ಚಿತ್ರಗಳ ಮುಂದೆ ನಿಲ್ಲುವವನು. ನಾನು ಕೇಳುತ್ತಿರುವುದು ಒಂದೇ. ನೋಡುವ ಕೆಲಸಕ್ಕೆ ಹಣ ಇಡಿ. ಅದನ್ನೇ ಕಲಿತವರು ಒಂದು ಚಿತ್ರದ ಹತ್ತಿರ ಕೂತು ತಿಂಗಳುಗಟ್ಟಲೆ ನೋಡುತ್ತಾರಲ್ಲ, ಆ ಕೆಲಸಕ್ಕೆ. ಯಾಕೆ ಅಂತ ಹೇಳಬೇಕಾದರೆ ಒಂದು ಡಚ್ ಚಿತ್ರದ ಕಥೆ ಹೇಳಬೇಕು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಫಿಟ್ಜ್‌ವಿಲಿಯಂ ಮ್ಯೂಸಿಯಂ ಇದೆ. ಅಲ್ಲಿನ ವಿಶ್ವವಿದ್ಯಾಲಯದ್ದು, 1816ರಲ್ಲಿ ಶುರುವಾದದ್ದು. 1873ರಲ್ಲಿ ರಿಚರ್ಡ್ ಕೆರಿಚ್ ಎಂಬ ದಾನಿಯಿಂದ ಅವರಿಗೆ ಒಂದು ಸಮುದ್ರದ ಚಿತ್ರ ಬಂತು. ಬರೆದವನು ಹೆಂಡ್ರಿಕ್ ವಾನ್ ಆಂಥೊನಿಸೆನ್, ಆಮ್ಸ್ಟರ್‌ಡ್ಯಾಮ್‌ನವನು. ಬರೆದದ್ದು ಸುಮಾರು 1641ರಲ್ಲಿ. ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಚಿತ್ರದಲ್ಲಿರುವುದು ನೆದರ್‌ಲೆಂಡ್ಸ್‌ನ ಹೇಗ್ ನಗರದ ಪಕ್ಕದ ಸ್ಖೆವೆನಿಂಗನ್ ಎಂಬ ಮೀನುಗಾರರ ಊರಿನ ಕಡಲತೀರ. ಆ ಊರಿಗೆ 1904ರವರೆಗೆ ಬಂದರೇ ಇರಲಿಲ್ಲ. ದೋಣಿಗಳನ್ನು ಮರಳಿನ ಮೇಲೆ ಎಳೆದು ನಿಲ್ಲಿಸುತ್ತಿದ್ದರು. ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆ ಬೆಳೆದವರಿಗೆ ಈ ನೋಟ ಹೊಸದಲ್ಲ.

ಚಿತ್ರದಲ್ಲಿ ಹೆಚ್ಚಿನ ಪಾಲು ಆಕಾಶ. ಮೋಡ ಕವಿದ ಬೂದು ಬೆಳಕು, ಗಾಳಿ ಇರುವ ದಿನ. ಕೆಳಗೆ ಮರಳು, ಆಚೆ ನೀರು. ಮರಳಿನ ಮೇಲೆ ಜನ ಇದ್ದಾರೆ, ಒಬ್ಬಿಬ್ಬರಲ್ಲ, ಗುಂಪು ಗುಂಪಾಗಿ. ದಂಡೆಯ ದಿಬ್ಬದ ಮೇಲೂ ಕೆಲವರು ಹತ್ತಿ ನಿಂತಿದ್ದಾರೆ. ಎಲ್ಲರೂ ಸಮುದ್ರದ ಕಡೆ ನೋಡುತ್ತಿದ್ದಾರೆ. ಅವರು ನೋಡುತ್ತಿದ್ದ ಕಡೆ ಏನಿತ್ತು? ಏನೂ ಇರಲಿಲ್ಲ. ಬರೀ ನೀರು, ಬರೀ ಮರಳು.

ಹೀಗೇ 141 ವರ್ಷ ಈ ಚಿತ್ರ ಆ ಮ್ಯೂಸಿಯಂನಲ್ಲಿತ್ತು. ಒಂದು ಶಾಂತವಾದ ಕಡಲತೀರದ ಚಿತ್ರ ಅಂತ ಜನ ನೋಡಿಕೊಂಡು ಮುಂದೆ ಹೋದರು. ಚಳಿಗಾಳಿಯಲ್ಲಿ ಇಷ್ಟು ಜನ ಯಾಕೆ ಸೇರಿದ್ದಾರೆ ಅಂತ ಕೆಲವರಿಗಾದರೂ ಅನಿಸಿರಬೇಕು. ಆದರೆ ಉತ್ತರ ಸಿಗುವ ದಾರಿ ಇರಲಿಲ್ಲ. ಮ್ಯೂಸಿಯಂನ ದಾಖಲೆಯಲ್ಲೂ ಸುಳಿವಿರಲಿಲ್ಲ.

ಡಚ್ಚರ ಗ್ಯಾಲರಿಯನ್ನು ಹೊಸದಾಗಿ ಸಜ್ಜುಮಾಡುವ ಸಮಯದಲ್ಲಿ ಈ ಚಿತ್ರವನ್ನು ಗೋಡೆಯಿಂದ ಇಳಿಸಿ ಸಂರಕ್ಷಣೆಗೆ ಕಳಿಸಿದರು. ಕಾರಣ ತೀರ ಸಾಮಾನ್ಯ. ಮೇಲಿನ ವಾರ್ನಿಶ್ ಹಳದಿಯಾಗಿತ್ತು. ಮರದ ಅಂಟಿನಿಂದ ಮಾಡಿದ ಹಳೆಯ ಕಾಲದ ವಾರ್ನಿಶ್ ವರ್ಷ ಕಳೆದಂತೆ ಹಳದಿಗಟ್ಟುತ್ತದೆ, ಆಮೇಲೆ ಕಂದಾಗುತ್ತದೆ. ನೀಲಿ ಇದ್ದ ಆಕಾಶ ಹಸಿರು ಹಸಿರಾಗಿ ಕಾಣಿಸುತ್ತದೆ, ದೂರ ಯಾವುದು ಹತ್ತಿರ ಯಾವುದು ಗೊತ್ತಾಗುವುದಿಲ್ಲ. ಅದನ್ನು ತೆಗೆಯುವ ಕೆಲಸ ಶಾನ್ ಕ್ವಾಂಗ್ ಎಂಬ ಕನ್ಸರ್ವೇಟರ್, ಅಂದರೆ ಚಿತ್ರ ಸಂರಕ್ಷಕಿಯ ಪಾಲಿಗೆ ಬಂತು. ಆಕೆ ಆಗ ಹ್ಯಾಮಿಲ್ಟನ್ ಕೆರ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಅದು ಇದೇ ಮ್ಯೂಸಿಯಂನ ಒಂದು ಭಾಗ. ಕೇಂಬ್ರಿಡ್ಜ್ ಹತ್ತಿರದ ವಿಟಲ್ಸ್‌ಫರ್ಡ್ ಎಂಬ ಹಳ್ಳಿಯಲ್ಲಿದೆ.

ವಾರ್ನಿಶ್ ತೆಗೆಯುವುದು ಹೇಗೆ ಅಂತ ಸ್ವಲ್ಪ ಹೇಳಬೇಕು, ಯಾಕಂದರೆ ಖರ್ಚಿನ ಮಾತು ಬಂದಾಗ ಇದೇ ಲೆಕ್ಕಕ್ಕೆ ಸಿಗುವುದಿಲ್ಲ. ಕಡ್ಡಿಯ ತುದಿಗೆ ಸ್ವಲ್ಪ ಹತ್ತಿ ಸುತ್ತುತ್ತಾರೆ. ಅದನ್ನು ಯಾವುದೋ ಒಂದು ದ್ರಾವಕದಲ್ಲಿ ಅದ್ದುತ್ತಾರೆ. ವಾರ್ನಿಶ್ ಕರಗಬೇಕು, ಕೆಳಗಿನ ಬಣ್ಣ ಕರಗಬಾರದು, ಅಂಥ ದ್ರಾವಕ. ಅದು ಯಾವುದು ಅಂತ ಗೊತ್ತಾಗಲು ಮೊದಲು ಚಿತ್ರದ ಅಂಚಿನಲ್ಲಿ ಸಣ್ಣ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತಾರೆ. ಆಮೇಲೆ ಹತ್ತಿಯನ್ನು ಉಜ್ಜದೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿಗೆ ಹಳದಿ ಬಂದರೆ ಸರಿ. ನೀಲಿಯೋ ಕೆಂಪೋ ಬಂದರೆ ಆ ಕ್ಷಣವೇ ನಿಲ್ಲಿಸಬೇಕು. ಒಂದು ಅಂಚೆಚೀಟಿಯಷ್ಟು ಜಾಗ ಆದಮೇಲೆ ಇನ್ನೊಂದು ಅಂಚೆಚೀಟಿಯಷ್ಟು ಜಾಗ. ಬರೀ ಮೇಲಿನ ಕೊಳೆ ತೆಗೆಯಲು ಎಷ್ಟೋ ಸಲ ಉಗುಳನ್ನೇ ಬಳಸುತ್ತಾರೆ. ಅದರಲ್ಲಿರುವ ಎಂಜೈಮುಗಳು ಕೊಳೆಯನ್ನು ಬಿಡಿಸುತ್ತವೆ. ದೊಡ್ಡ ದೊಡ್ಡ ಲ್ಯಾಬುಗಳಲ್ಲೂ ಇದು ಇವತ್ತಿಗೂ ನಡೆಯುವ ಪದ್ಧತಿ.

ಹೀಗೆ ಕೆಲಸ ಸಾಗುತ್ತಿರುವಾಗ ಕ್ವಾಂಗ್ ಅವರಿಗೆ ಒಬ್ಬ ಮನುಷ್ಯ ಕಾಣಿಸಿದ. ಅವನು ಕ್ಷಿತಿಜದ ಗೆರೆಯ ಮೇಲೆ ಗಾಳಿಯಲ್ಲಿ ನಿಂತಿದ್ದ. ಕಾಲ ಕೆಳಗೆ ಏನೂ ಇಲ್ಲ. ಇನ್ನಷ್ಟು ತೆಗೆದಾಗ ಅವನ ಪಕ್ಕದಲ್ಲಿ ಹಾಯಿಯಂಥ ಒಂದು ಆಕಾರ ಎದ್ದು ಬಂತು. ಹಾಯಿ ಇದ್ದರೆ ದೋಣಿ ಇರಬೇಕಲ್ವಾ? ದೋಣಿ ಇರಲಿಲ್ಲ. ಆ ಆಕಾರ ಒಂದು ತಿಮಿಂಗಿಲದ ಈಜುರೆಕ್ಕೆ. ಮನುಷ್ಯ ನಿಂತಿದ್ದದ್ದು ದಡಕ್ಕೆ ಬಂದು ಬಿದ್ದ ಆ ತಿಮಿಂಗಿಲದ ಮೈಮೇಲೆ. ತಿಮಿಂಗಿಲದ ಇಡೀ ಮೈಯನ್ನು ಯಾರೋ ಹಿಂದೆ ಯಾವಾಗಲೋ ನೀರು ಮರಳಿನ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಇಲ್ಲಿಂದ ಮುಂದೆ ನಡೆದದ್ದೇ ನನ್ನ ಪತ್ರದ ಜೀವ.

ತಿಮಿಂಗಿಲ ಇದೆ ಅಂತ ಅನುಮಾನ ಬಂದ ತಕ್ಷಣ ಯಾರೂ ಕೆರೆಯಲು ಶುರುಮಾಡುವುದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆಗಳು ಬಹಳ. ಮುಚ್ಚಿದವನು ಯಾರು? ಚಿತ್ರಕಾರನೇ ಮನಸ್ಸು ಬದಲಾಯಿಸಿ ಮುಚ್ಚಿದ್ದರೆ ಅದನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ. ಅದು ಅವನ ತೀರ್ಮಾನ. ಬೇರೆ ಯಾರೋ ಬಹಳ ವರ್ಷ ಆದಮೇಲೆ ಮುಚ್ಚಿದ್ದರೆ ಮಾತು ಬೇರೆ. ಇನ್ನೊಂದು ಭಯ, ಕೆಳಗಿನ ಬಣ್ಣ ಚೆನ್ನಾಗಿ ಉಳಿದಿದೆಯೇ ಅನ್ನುವುದು. ಹಳೆಯ ಕಾಲದಲ್ಲಿ ಮೇಲೆ ಬಣ್ಣ ಬಳಿಯುತ್ತಿದ್ದದ್ದು ಎಷ್ಟೋ ಸಲ ಹಾಳಾದ ಜಾಗ ಮುಚ್ಚಲಿಕ್ಕೆ. ತೆಗೆದಮೇಲೆ ಕೆಳಗೆ ಅರ್ಧ ತಿಮಿಂಗಿಲ, ಅರ್ಧ ಬೋಳು ಹಲಗೆ ಸಿಕ್ಕಿದರೆ? ತೆಗೆದ ಬಣ್ಣವನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಇದೆಲ್ಲ ತೂಗಿ ನೋಡಿ, ತೆಗೆಯುವುದೇ ಸರಿ ಎಂಬ ತೀರ್ಮಾನಕ್ಕೆ ಬಂದರು. ಕ್ವಾಂಗ್ ಮೈಕ್ರೋಸ್ಕೋಪ್ ಕೆಳಗೆ ನೋಡುತ್ತ, ದ್ರಾವಕ ಮತ್ತು ಸರ್ಜನ್‌ಗಳು ಬಳಸುವಂಥ ಚಾಕು ಹಿಡಿದು, ಮೇಲಿನ ಬಣ್ಣವನ್ನು ಚೂರು ಚೂರಾಗಿ ಬಿಡಿಸಿದರು. ಕೆಳಗಿದ್ದ ತಿಮಿಂಗಿಲ ಉಳಿದುಕೊಂಡಿತ್ತು. 2014ರ ಜೂನ್‌ನಲ್ಲಿ ಮ್ಯೂಸಿಯಂ ಈ ಸುದ್ದಿಯನ್ನು ಹೊರಗೆ ಹೇಳಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಚಿತ್ರ ಗ್ಯಾಲರಿಗೆ ಮರಳಿತು. ಈಗ ಆ ಜನ ಏನನ್ನು ನೋಡುತ್ತ ನಿಂತಿದ್ದಾರೆ ಅಂತ ಯಾರೂ ಕೇಳಬೇಕಾಗಿಲ್ಲ.

ಯಾಕೆ ಮುಚ್ಚಿದರು ಅನ್ನುವುದಕ್ಕೆ ಖಚಿತ ದಾಖಲೆ ಸಿಕ್ಕಿಲ್ಲ. ಸತ್ತ ಪ್ರಾಣಿಯನ್ನು ಮನೆಯ ಗೋಡೆ ಮೇಲೆ ನೋಡಲು ಯಾರೋ ಯಜಮಾನರಿಗೆ ಇಷ್ಟವಾಗದೆ ಇರಬಹುದು. ತಿಮಿಂಗಿಲ ಇಲ್ಲದಿದ್ದರೆ ಬೇಗ ಮಾರಾಟವಾಗುತ್ತದೆ ಅಂತ ವ್ಯಾಪಾರಿಗೆ ಅನಿಸಿರಬಹುದು. ಕ್ವಾಂಗ್ ಅವರೂ ಇಂಥ ಕಾರಣಗಳನ್ನೇ ಹೇಳಿದ್ದರು. ಆ ಕಾಲದಲ್ಲಿ ಚಿತ್ರ ಅಂದರೆ ಮನೆಯ ಅಲಂಕಾರದ ಒಂದು ಸಾಮಾನು. ಕೋಣೆಗೆ ಹೊಂದದಿದ್ದರೆ ಕತ್ತರಿಸುತ್ತಿದ್ದರು, ಹಿಗ್ಗಿಸುತ್ತಿದ್ದರು, ಬೇಡದ್ದನ್ನು ಮುಚ್ಚುತ್ತಿದ್ದರು. ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನೇ 1715ರಲ್ಲಿ ಆಮ್ಸ್ಟರ್‌ಡ್ಯಾಮ್‌ನ ಟೌನ್‌ಹಾಲ್ ಗೋಡೆಗೆ ಹೊಂದಿಸಲು ನಾಲ್ಕೂ ಕಡೆ ಕತ್ತರಿಸಿದರು.

ಆದರೆ ಚಿತ್ರ ಬರೆದ ಕಾಲದ ಡಚ್ಚರಿಗೆ ದಡಕ್ಕೆ ಬಿದ್ದ ತಿಮಿಂಗಿಲ ಮುಚ್ಚಿಡುವ ವಸ್ತುವೇ ಆಗಿರಲಿಲ್ಲ. ಊರೂರಿನಿಂದ ಜನ ನೋಡಲು ಓಡಿ ಬರುತ್ತಿದ್ದರು. 1598ರಲ್ಲಿ ಅದೇ ಕರಾವಳಿಯ ಬೆರ್ಕ್‌ಹೇ ಎಂಬಲ್ಲಿ ಒಂದು ದೊಡ್ಡ ತಿಮಿಂಗಿಲ ಬಿದ್ದಾಗ ಹೆಂಡ್ರಿಕ್ ಗೋಲ್ಟ್‌ಸಿಯಸ್ ಅದರ ಚಿತ್ರ ಬರೆದ, ಯಾಕೊಬ್ ಮಾಥಾಮ್ ಅದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ. 1601ರ ಕೊನೆಯಲ್ಲಿ ಬೆವರ್‌ವೈಕ್ ಹತ್ತಿರ ಬಿದ್ದ ತಿಮಿಂಗಿಲವನ್ನು ಯಾನ್ ಸಾನ್ರೆಡಾಮ್ ಬರೆದ. ಆ ಅಚ್ಚಿನಲ್ಲಿ ತಿಮಿಂಗಿಲದ ಮುಂದೆ ನಿಂತ ನಸೌ ವಂಶದ ಕೌಂಟ್ ಅರ್ನ್ಸ್ಟ್ ಕಾಸಿಮಿರ್ ಮೂಗಿಗೆ ಕರ್ಚೀಫು ಹಿಡಿದಿದ್ದಾನೆ. ಅಷ್ಟು ನಾತ. ಅಲ್ಲೇ ಒಂದು ಮೂಲೆಯಲ್ಲಿ ಚಿತ್ರಕಾರ ತನ್ನನ್ನೂ ಬರೆದುಕೊಂಡಿದ್ದಾನೆ, ಕಾಗದ ಹಿಡಿದು ಬರೆಯುತ್ತಿರುವ ಹಾಗೆ. ಸುತ್ತಲಿನ ಅಂಚಿನಲ್ಲಿ ಗ್ರಹಣ, ಭೂಕಂಪ. ತಿಮಿಂಗಿಲ ಬಿದ್ದರೆ ದೇಶಕ್ಕೆ ಏನೋ ಕೇಡು ಕಾದಿದೆ ಅಂತ ಜನ ನಂಬಿದ್ದರು. ಅದೇ ಜನ ಹಗ್ಗ ಹಿಡಿದು ಅದರ ಉದ್ದ ಅಳೆಯುತ್ತಲೂ ಇದ್ದರು. 1614ರಿಂದ ಡಚ್ಚರ ಒಂದು ಕಂಪನಿ ಉತ್ತರ ಧ್ರುವದ ಕಡೆ ಹೋಗಿ ತಿಮಿಂಗಿಲ ಬೇಟೆಯಾಡಿ ಎಣ್ಣೆ ತರುತ್ತಿತ್ತು. ದೀಪಕ್ಕೂ ಸೋಪಿಗೂ ಆ ಎಣ್ಣೆ ಬೇಕಿತ್ತು. ಹೀಗೆ ಭಯ, ಕುತೂಹಲ, ವ್ಯಾಪಾರ ಮೂರೂ ಒಂದೇ ಪ್ರಾಣಿಯ ಸುತ್ತ ಇದ್ದವು. ವಾನ್ ಆಂಥೊನಿಸೆನ್ ಅಂಥ ಒಂದು ದಿನವನ್ನು ಬರೆದಿದ್ದ. ಮುಚ್ಚಿದವನು ತಿಮಿಂಗಿಲದ ಜೊತೆಗೆ ಈ ಇಡೀ ದಿನವನ್ನೇ ಅಳಿಸಿದ್ದ.

ಸಮುದ್ರದ ಚಿತ್ರಗಳ ವಿಷಯದಲ್ಲಿ ಇನ್ನೂ ಒಂದು ಕಷ್ಟ ಇದೆ. ಹಡಗಿನ ಹಗ್ಗಗಳು, ಧ್ವಜದ ತುದಿ, ದೂರದ ಹಾಯಿ, ಇವನ್ನೆಲ್ಲ ಚಿತ್ರಕಾರ ಕಟ್ಟಕಡೆಗೆ ಬರೆಯುತ್ತಾನೆ. ಕೂದಲೆಳೆಯಂಥ ಗೆರೆ, ತೆಳುವಾದ ಬಣ್ಣ, ಎಲ್ಲಕ್ಕಿಂತ ಮೇಲೆ. ಹೀಗಾಗಿ ಯಾರಾದರೂ ಒರಟಾಗಿ ಒರೆಸಿದರೆ ಮೊದಲು ಹೋಗುವುದು ಅವೇ. ಹಿಂದೆಲ್ಲ ಯೂರೋಪಿನಲ್ಲಿ ಚಿತ್ರ ತೊಳೆಯಲು ಬೂದಿ ನೀರು, ಕ್ಷಾರ ಬಳಸುತ್ತಿದ್ದರು. ಹಗ್ಗವೇ ಇಲ್ಲದ ಹಡಗುಗಳು ಕೆಲವು ಹಳೆಯ ಚಿತ್ರಗಳಲ್ಲಿ ಕಾಣಿಸುವುದು ಇದರಿಂದಲೇ. ಡಚ್ಚರ ಆಕಾಶಕ್ಕೂ ಒಂದು ರೋಗ ಇದೆ. ಕೋಬಾಲ್ಟ್ ಸೇರಿಸಿದ ನೀಲಿ ಗಾಜನ್ನು ಪುಡಿಮಾಡಿ ಸ್ಮಾಲ್ಟ್ ಎಂಬ ಅಗ್ಗದ ನೀಲಿ ಬಣ್ಣ ಮಾಡುತ್ತಿದ್ದರು. ಎಣ್ಣೆಯಲ್ಲಿ ಬೆರೆತು ವರ್ಷ ಕಳೆದಮೇಲೆ ಅದು ನೀಲಿ ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗುತ್ತದೆ. ಇದು ಗೊತ್ತಿಲ್ಲದವರು ಬೂದು ಆಕಾಶವನ್ನು ಕೊಳೆ ಅಂದುಕೊಂಡು ಉಜ್ಜಬಹುದು. ಚಿತ್ರಕಾರ ಬೇಕಂತಲೇ ಬರೆದ ಮೋಡ ಯಾವುದು, ಬಣ್ಣ ಸತ್ತು ಬೂದು ಆದದ್ದು ಯಾವುದು, ವಾರ್ನಿಶ್ ಯಾವುದು, ಕೊಳೆ ಯಾವುದು, ಇದನ್ನು ಹೇಳಬಲ್ಲವರು ಎರಡು ದಿನದ ತರಬೇತಿಯಲ್ಲಿ ತಯಾರಾಗುವುದಿಲ್ಲ.

ಯಂತ್ರಗಳು ಬೇಕಾದಷ್ಟಿವೆ ಅಂತ ನೀವು ಹೇಳಬಹುದು. ಹೌದು, ಇವೆ. ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಹಳೆಯ ವಾರ್ನಿಶ್ ಹಸಿರು ಛಾಯೆಯಲ್ಲಿ ಮಿನುಗುತ್ತದೆ, ಈಚೆಗೆ ತಿದ್ದಿದ ಜಾಗ ಕಪ್ಪು ಕಲೆಯ ಹಾಗೆ ಕಾಣಿಸುತ್ತದೆ. ಇನ್‌ಫ್ರಾರೆಡ್ ಕ್ಯಾಮೆರಾ ಬಣ್ಣದ ಕೆಳಗಿರುವ ಇದ್ದಿಲಿನ ಗೆರೆಗಳನ್ನು ತೋರಿಸುತ್ತದೆ. ಎಕ್ಸ್‌ರೇಯಲ್ಲಿ ಸೀಸದ ಬಿಳಿ ಇರುವ ಜಾಗ ಬೆಳ್ಳಗೆ ಬರುತ್ತದೆ. ಓಕ್ ಹಲಗೆಯಾದರೆ ಅದರ ಉಂಗುರ ಎಣಿಸಿ, ಮರ ಯಾವ ವರ್ಷಕ್ಕಿಂತ ಮುಂಚೆ ಕಡಿದಿರಲು ಸಾಧ್ಯವಿಲ್ಲ ಅಂತ ಹೇಳಬಹುದು. ಸೂಜಿ ಮೊನೆಯಷ್ಟು ಬಣ್ಣದ ಚೂರು ತೆಗೆದು ಅಡ್ಡಲಾಗಿ ನೋಡಿದರೆ ಪದರಗಳೆಲ್ಲ ಒಂದರ ಮೇಲೊಂದು ಕಾಣುತ್ತವೆ. ಆದರೆ ಇವೆಲ್ಲ ಕೊಡುವುದು ಬರೀ ಮಾಹಿತಿ. ಅದನ್ನು ಓದಲು ಮನುಷ್ಯರು ಬೇಕು.

ಜರ್ಮನಿಯ ಡ್ರೆಸ್ಡನ್ ನಗರದ ಉದಾಹರಣೆ ನೋಡಿ. ಅಲ್ಲಿನ ಗ್ಯಾಲರಿಯಲ್ಲಿ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ ಒಂದು ಚಿತ್ರ ಇದೆ, ಕಿಟಕಿಯ ಬಳಿ ನಿಂತು ಪತ್ರ ಓದುತ್ತಿರುವ ಹುಡುಗಿಯದು. ಅವಳ ಹಿಂದಿನ ಬೋಳು ಗೋಡೆಯ ಕೆಳಗೆ ಮನ್ಮಥನ ಚಿತ್ರ ಇದೆ ಅಂತ 1979ರ ಎಕ್ಸ್‌ರೇಯಲ್ಲೇ ಗೊತ್ತಾಗಿತ್ತು. ವರ್ಮೀರನೇ ಮುಚ್ಚಿರಬೇಕು ಅಂದುಕೊಂಡು ಎಲ್ಲರೂ ಸುಮ್ಮನಾದರು. 2017ರಲ್ಲಿ ಸಂರಕ್ಷಣೆ ಶುರುವಾದಮೇಲೆ ಪದರಗಳನ್ನು ಪರೀಕ್ಷಿಸಿದಾಗ, ಮನ್ಮಥನ ಮೇಲಿನ ಹಳೆಯ ವಾರ್ನಿಶ್ ಮತ್ತು ಕೊಳೆಯ ಪದರ ಆದಮೇಲೆ ಗೋಡೆಯ ಬಣ್ಣ ಬಂದಿರುವುದು ಕಂಡಿತು. ಕೊಳೆ ಕೂರಲು ದಶಕಗಳೇ ಬೇಕು. ಅಷ್ಟು ಹೊತ್ತಿಗೆ ವರ್ಮೀರ್ ತೀರಿಹೋಗಿದ್ದ. 2021ರಲ್ಲಿ ಮನ್ಮಥ ಹೊರಬಂದ ಮೇಲೆ ಆ ಚಿತ್ರವನ್ನು ಜನರಿಗೆ ತೋರಿಸಿದರು. ಎಕ್ಸ್‌ರೇ ಆದ ದಿನದಿಂದ ಸರಿಯಾದ ಉತ್ತರ ಸಿಗುವವರೆಗೆ ಸುಮಾರು ನಾಲ್ಕು ದಶಕ. ಒಂದು ತೆಳುವಾದ ಕೊಳೆಯ ಪದರ ಇಡೀ ತೀರ್ಪನ್ನು ತಿರುಗಿಸಿತು. ನನಗೆ ಈ ಇಡೀ ವಿದ್ಯೆಯಲ್ಲಿ ಅತಿ ಹೆಚ್ಚು ಗೌರವ ಇರುವುದು ಈ ತಾಳ್ಮೆಯ ಬಗ್ಗೆ.

ಈಗ ಹಣದ ಮಾತಿಗೆ ಬರುತ್ತೇನೆ.

ಕೇಂಬ್ರಿಡ್ಜ್‌ನ ತಿಮಿಂಗಿಲವನ್ನು ಅದೃಷ್ಟ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹ್ಯಾಮಿಲ್ಟನ್ ಕೆರ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1976ರಲ್ಲಿ. ಒಬ್ಬರು ತಮ್ಮ ಮನೆ ಜಾಗ ಕೊಟ್ಟರು, ವಿಶ್ವವಿದ್ಯಾಲಯ ಅಲ್ಲಿ ಲ್ಯಾಬು ಮಾಡಿತು, ಚಿತ್ರ ಸಂರಕ್ಷಣೆ ಕಲಿಸಿತು, ಕಲಿತವರಿಗೆ ನಿಜವಾದ ಹಳೆಯ ಚಿತ್ರಗಳನ್ನು ನಂಬಿ ಕೈಗೆ ಕೊಟ್ಟಿತು. ತಿಮಿಂಗಿಲ ಸಿಕ್ಕಿದ್ದು 2014ರಲ್ಲಿ. ನಡುವಿನ 38 ವರ್ಷ ಅಲ್ಲಿ ಸಂಬಳ ಹೋಗುತ್ತಲೇ ಇತ್ತು, ಪತ್ರಿಕೆಗೆ ಸುದ್ದಿಯಾಗುವಂಥದ್ದು ದಿನವೂ ಸಿಗುತ್ತಿರಲಿಲ್ಲ. ಯಾರೋ ಒಬ್ಬ ಟ್ರಸ್ಟಿ ‘ಇದರಿಂದ ಏನು ಬಂತು’ ಅಂತ ನಡುವೆ ಬಾಗಿಲು ಮುಚ್ಚಿಸಿದ್ದರೆ? ಗ್ಯಾಲರಿಗೆ ಹೊಸ ದೀಪ ಹಾಕಿ, ಗೋಡೆಗೆ ಬಣ್ಣ ಹೊಡೆಸಿ, ಅದೇ ಹಳದಿ ವಾರ್ನಿಶ್ ಇರುವ ಚಿತ್ರವನ್ನು ಅದೇ ಮೊಳೆಗೆ ನೇತುಹಾಕಿದ್ದರೆ? ತಿಮಿಂಗಿಲ ಇವತ್ತಿಗೂ ಬಣ್ಣದ ಕೆಳಗೇ ಇರುತ್ತಿತ್ತು.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ನನಗೆ ಕಾರಣ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ನೀವೆಲ್ಲ ಹೋಗಿರುತ್ತೀರಿ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಹೈದರ್, ಟಿಪ್ಪು ಬ್ರಿಟಿಷರ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದ ಯುದ್ಧ. ಆ ಚಿತ್ರದ ಮೇಲೆ ನಡೆದದ್ದು ಗೆಜೆಟಿಯರ್‌ನಲ್ಲೇ ಇದೆ. ಕೋಟೆಯ ಮುತ್ತಿಗೆಗೆ ಮುಂಚೆ ಅದನ್ನು ಅಳಿಸಿದ್ದರು. ಆಮೇಲೆ ಅಲ್ಲೇ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಸರಿಮಾಡಿಸಿದ. ಮತ್ತೆ ಯಾವಾಗಲೋ ಸುಣ್ಣ ಬಳಿದರು. ಲಾರ್ಡ್ ಡಾಲ್‌ಹೌಸಿ ಮೈಸೂರಿಗೆ ಪ್ರವಾಸ ಬಂದಾಗ, ಮೂಲ ಚಿತ್ರ ನೆನಪಿದ್ದ ಇಲ್ಲಿನ ಒಬ್ಬ ಚಿತ್ರಕಾರನಿಂದ ಮತ್ತೆ ಬರೆಸಲು ಹೇಳಿದ. ಅಂದರೆ ನಾವು ಇವತ್ತು ನೋಡುವ ಕುದುರೆ, ಆನೆ, ಸಿಪಾಯಿಗಳಲ್ಲಿ ಒಬ್ಬರ ಕೈ ಇಲ್ಲ, ಹಲವರ ಕೈ ಇದೆ. ಯಾವ ಗೆರೆ ಟಿಪ್ಪುವಿನ ಕಾಲದ್ದು, ಯಾವುದು ಡಾಲ್‌ಹೌಸಿ ಕಾಲದ್ದು ಅಂತ ಪದರ ಪದರವಾಗಿ ಓದುವುದು ಎಷ್ಟು ದೊಡ್ಡ ಕೆಲಸ, ಎಷ್ಟು ಸೊಗಸಾದ ಕೆಲಸ, ಯೋಚಿಸಿ. ಇಲ್ಲಿ ಮೇಲಿನ ಬಣ್ಣ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅದೂ ಈಗ ನಮ್ಮ ಇತಿಹಾಸವೇ, ಕೆಳಗೆ ಎಷ್ಟು ಉಳಿದಿದೆ ಅನ್ನುವುದು ಬೇರೆ ಪ್ರಶ್ನೆ. ಓದೋಣ, ಬರೆದಿಡೋಣ, ಜನರಿಗೆ ಹೇಳೋಣ ಅನ್ನುತ್ತಿದ್ದೇನೆ.

ಇದಕ್ಕೆ ನಾವು ಸೊನ್ನೆಯಿಂದ ಶುರುಮಾಡಬೇಕಾಗಿಯೂ ಇಲ್ಲ. ಲಕ್ನೋದಲ್ಲಿ ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣೆಗೆ ರಾಷ್ಟ್ರೀಯ ಪ್ರಯೋಗಾಲಯ ಇದೆ. ಅದೂ ಶುರುವಾದದ್ದು 1976ರಲ್ಲೇ. ಅದರ ಪ್ರಾದೇಶಿಕ ಲ್ಯಾಬು ನಮ್ಮ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಕಾಪಾಡುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಕಲಿತವರು, ಕಲಿಸುವವರು ಇದ್ದಾರೆ. ಇರುವುದನ್ನು ಬೆಳೆಸಿದರೆ ಸಾಕು.

ನನಗೆ ಕೋಪ ಬಂದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಒಂದು ಸಣ್ಣ ಸಂಗ್ರಹಾಲಯದಲ್ಲಿ ಹಳೆಯ ಎಣ್ಣೆಬಣ್ಣದ ಭಾವಚಿತ್ರವೊಂದನ್ನು ನೋಡಿದೆ. ಹೆಸರು ಬೇಡ. ಮುಖ ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಬಾಗಿಲಿಗೆ ಹೊಡೆಯುವಂಥ ಪಾಲಿಶ್, ದಪ್ಪ ಬ್ರಷ್‌ನಲ್ಲಿ ಹೊಡೆದಿದ್ದಾರೆ. ಗಲ್ಲದ ಕೆಳಗೆ ಅದು ಸೋರಿ ಹನಿಯಾಗಿ ಗಟ್ಟಿಯಾಗಿತ್ತು. ಒಂದು ನೊಣ ಸಹ ಅದರಲ್ಲಿ ಸಿಕ್ಕಿಕೊಂಡಿತ್ತು. ಪೇಟದ ಜರಿಯನ್ನು ಅಂಗಡಿಯ ಚಿನ್ನದ ಬಣ್ಣದಲ್ಲಿ ಮತ್ತೆ ಎಳೆದಿದ್ದರು. ಅಲ್ಲಿದ್ದವರು ಹೆಮ್ಮೆಯಿಂದ ‘ಕಾರ್ಯಕ್ರಮಕ್ಕೆ ಮುಂಚೆ ಹೊಸದು ಮಾಡಿಸಿದ್ವಿ ಸರ್’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಚಿತ್ರದ ಮೇಲೆ ಪ್ರೀತಿ ಇತ್ತು, ಅದಕ್ಕೇ ಮಾಡಿಸಿದರು. ಕೇಳಲು ಒಬ್ಬ ಬಲ್ಲವರು ಇರಲಿಲ್ಲ, ಕರೆಸಲು ಹಣ ಇರಲಿಲ್ಲ, ಉದ್ಘಾಟನೆಯ ತಾರೀಖು ಮಾತ್ರ ಇತ್ತು. ಸಂರಕ್ಷಣೆಯ ಮೊದಲ ನಿಯಮ, ನಾಳೆ ಇನ್ನೊಬ್ಬರು ಬಂದು ಸುಲಭವಾಗಿ ತೆಗೆಯಲು ಆಗುವಂಥದ್ದನ್ನು ಮಾತ್ರ ಹಚ್ಚಬೇಕು ಅನ್ನುವುದು. ಆ ಪಾಲಿಶ್ ಹಾಗೆ ಬಿಟ್ಟು ಬರುವ ವಸ್ತುವಲ್ಲ. ಅದರ ಕೆಳಗೆ ಏನು ಹೋಯಿತೋ, ಇನ್ನು ಮೇಲೆ ಹೇಳುವವರಿಲ್ಲ.

ಹೀಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತಿರುವುದು ಇಷ್ಟು. ಮುಂದಿನ ಸಲ ಯಾವುದೇ ಮ್ಯೂಸಿಯಂನ ನವೀಕರಣಕ್ಕೆ ಎಸ್ಟಿಮೇಟ್ ಬಂದಾಗ, ಗ್ರಾನೈಟ್, ಎಸಿ, ದೀಪ, ಸೆಲ್ಫಿ ಪಾಯಿಂಟ್ ಎಲ್ಲದರ ಮುಂಚೆ ಒಂದು ಸಾಲು ಹುಡುಕಿ: ಒಳಗಿರುವ ಚಿತ್ರಗಳ ಅಧ್ಯಯನಕ್ಕೆ ಎಷ್ಟು ಇಟ್ಟಿದ್ದಾರೆ? ಇಲ್ಲದಿದ್ದರೆ ಫೈಲು ವಾಪಸ್ ಕಳಿಸಿ. ಖಾಲಿ ಇರುವ ಸಂರಕ್ಷಕರ ಹುದ್ದೆ ತುಂಬಿಸಿ, ಗುತ್ತಿಗೆಯ ಮೇಲೆ ಮೂರು ತಿಂಗಳಿಗೆ ತಗೊಂಡು ಬಿಡಬೇಡಿ. ಈ ಕೆಲಸಕ್ಕೆ ಕಡಿಮೆ ದರದ ಟೆಂಡರ್ ಕರೆಯುವುದು ಬೇಡವೇ ಬೇಡ. ತಿಮಿಂಗಿಲವನ್ನು ಹೊರತಂದವರು ಅವಸರದಲ್ಲಿದ್ದಿದ್ದರೆ ಗಾಳಿಯಲ್ಲಿ ನಿಂತ ಆ ಮನುಷ್ಯನನ್ನು ಕಲೆ ಅಂದುಕೊಂಡು ತಿದ್ದಿ ಮುಚ್ಚಿಬಿಡುತ್ತಿದ್ದರು.

ಜಾಸ್ತಿ ಹಣ ಇಲ್ಲದ ಕಡೆಯೂ ಮಾಡಬಹುದಾದ ಕೆಲಸ ಇದೆ. ಪ್ರತಿ ಹಳೆಯ ಚಿತ್ರವನ್ನೂ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಬೆಳಕು ಬಿಟ್ಟು, ಚೆನ್ನಾಗಿ ಫೋಟೊ ತೆಗೆಸಿಡಿ. ಪಕ್ಕದ ಬೆಳಕಿನಲ್ಲಿ ಬಣ್ಣದ ಉಬ್ಬು ತಗ್ಗು, ಬಿರುಕು, ಮೇಲೆ ಬಳಿದದ್ದು ಎಷ್ಟೋ ಕಾಣುತ್ತದೆ. ಹಿಂಬದಿಯಲ್ಲಿ ಹಳೆಯ ಚೀಟಿ, ಮುದ್ರೆ, ಯಾರದೋ ಕೈಬರಹ ಇರುತ್ತದೆ. ಚೌಕಟ್ಟು ಬದಲಾಯಿಸುವಾಗ ಅದನ್ನು ಕಿತ್ತು ಬಿಸಾಡಬೇಡಿ ಅಂತ ಒಂದು ಸುತ್ತೋಲೆ ಹೊರಡಿಸಲು ದುಡ್ಡು ಬೇಕಾಗಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರದ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೆಳೆದುಕೊಳ್ಳುತ್ತದೆ, ಬಣ್ಣ ಹಕ್ಕಳೆ ಏಳುತ್ತದೆ. ಕೋಣೆಗೊಂದು ತೇವಾಂಶದ ಮೀಟರ್ ಇಟ್ಟು ದಿನಾ ಬರೆದಿಡಲು ಒಬ್ಬರಿಗೆ ಹೇಳಿ. ಆಮೇಲೆ, ಸಂರಕ್ಷಣೆ ಏನೇ ನಡೆದರೂ ಅದರ ವರದಿಯನ್ನು ಜನರಿಗೆ ಓದಲು ಕೊಡಿ, ಕನ್ನಡದಲ್ಲಿ. ಮೊದಲು ಹೀಗಿತ್ತು, ಇದನ್ನು ತೆಗೆದೆವು, ಇದನ್ನು ಬಿಟ್ಟೆವು, ಕಾರಣ ಇದು ಅಂತ. ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನವರು 2019ರಿಂದ ‘ನೈಟ್ ವಾಚ್’ ಸುತ್ತ ಗಾಜಿನ ಕೋಣೆ ಕಟ್ಟಿ ಜನರ ಎದುರೇ ಕೆಲಸ ಮಾಡಿದರು. ಶಾಲೆಯ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು. ನಮ್ಮ ಮಕ್ಕಳಿಗೂ ಅದು ಸಿಗಲಿ.

ಈ ವರ್ಷದ ಬಜೆಟ್ ಸಭೆಗೆ ಮುಂಚೆ ನಿಮ್ಮ ನಿಮ್ಮ ಮ್ಯೂಸಿಯಂಗಳಿಂದ ಒಂದು ಲೆಕ್ಕ ತರಿಸಿ. ಒಟ್ಟು ಎಷ್ಟು ಚಿತ್ರಗಳಿವೆ, ಅವುಗಳಲ್ಲಿ ಎಷ್ಟನ್ನು ಬಲ್ಲವರು ಹತ್ತಿರದಿಂದ ಪರೀಕ್ಷಿಸಿದ್ದಾರೆ, ಯಾವ ವರ್ಷ, ವರದಿ ಎಲ್ಲಿದೆ. ಬಂದ ಲೆಕ್ಕವನ್ನು ಹಾಗೇ ಪ್ರಕಟಿಸಿ. ಅದು ಚಿಕ್ಕದಾಗಿದ್ದರೂ ಪರವಾಗಿಲ್ಲ, ಓದಲು ನಾವು ಕಾಯುತ್ತಿರುತ್ತೇವೆ.

ಇಂತಿ,
ನಿಮ್ಮ ಮ್ಯೂಸಿಯಂಗಳಿಗೆ ಬರುವ ಒಬ್ಬ ನೋಡುಗ